ಜೂಮ್ ಲೆನ್ಸಿನ ಪರವಾಗಿ ನನ್ನ ವಾದ

ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಅಭ್ಯಾಸವಾದವರಿಗೆ ಒಂದು ಅನುಕೂಲವಿದೆ: ಬದುಕಿನಲ್ಲಿ ಅವರಿಗೆ ಸತ್ಯದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಮರಣದಂಡನೆ ಇರಲೇಬೇಕು ಎಂದು ಮಾತಾಡಿ ನಾನು ಕಾಲೇಜಿಗೆ ಒಂದು ಕಪ್ ತಂದುಕೊಟ್ಟೆ. ಅದೇ ದಂಡನೆ ಮನುಷ್ಯಕುಲಕ್ಕೆ ಕಳಂಕ ಎಂದು ಇನ್ನೊಂದು ಊರಿನಲ್ಲಿ ಮೇಜು ಗುದ್ದಿ ಮತ್ತೊಂದು ಕಪ್ ತಂದೆ. ಎರಡರ ಜೊತೆ ಸಿಕ್ಕ ಪುಟ್ಟ ಕಪ್‌ಗಳು ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಒಂದರ ಪಕ್ಕ ಒಂದು ನಿಂತಿವೆ. ಅವುಗಳ ನಡುವೆ ಇದುವರೆಗೆ ಭಿನ್ನಾಭಿಪ್ರಾಯ ಬಂದದ್ದನ್ನು ನಾನು ಕಂಡಿಲ್ಲ. ದೇವರು, ಜಾತಕ, ಶಕುನ, ಲೇಹ್ಯ ಯಾವುದನ್ನೂ ನಂಬದ ನಾನು ನಂಬಿದ್ದು ಒಂದನ್ನೇ. ನನ್ನ ಬಾಯಿಂದ ಹೊರಟ ವಾಕ್ಯಕ್ಕೆ ಎದುರಿನವರು ಉತ್ತರ ಕೊಡದಿದ್ದರೆ ಆ ವಾಕ್ಯ ನಿಜ. ಈ ನಂಬಿಕೆಯನ್ನು ಒಂದು ಕ್ಯಾಮರಾ ಲೆನ್ಸು ಕೆಡಿಸಬೇಕಿತ್ತು. ಕೆಡಿಸಲಿಲ್ಲ ಎಂಬುದೇ ನನ್ನ ಈಗಿನ ಕಷ್ಟ.

ತಪ್ಪು ನನ್ನೊಬ್ಬಳದೇ ಅಲ್ಲ. ಅಪ್ಪ ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಬಂದ ರೈಲ್ವೆ ನೌಕರರು. ಓದುವ ಕಾಲಕ್ಕೆ ಧಾರವಾಡದಲ್ಲಿ ಕಾಲೇಜಿನ ಚರ್ಚಾಕೂಟದ ಕಾರ್ಯದರ್ಶಿಯಾಗಿದ್ದವರು. ಆಮೇಲೆ ಅವರನ್ನು ಎಲ್ಲೆಲ್ಲಿಗೆ ವರ್ಗ ಮಾಡಿದರೂ ಆ ಹುದ್ದೆಯಿಂದ ಮಾತ್ರ ಕದಲಿಸಲು ಯಾರಿಂದಲೂ ಆಗಲಿಲ್ಲ. ಮನೆಯಲ್ಲಿ ಎರಡು ಅಭಿಪ್ರಾಯ ಹುಟ್ಟಿದರೆ ರವಿವಾರ ಊಟವಾದ ಮೇಲೆ ಚರ್ಚೆ. ಅಪ್ಪ ಅಧ್ಯಕ್ಷರು, ತೀರ್ಪುಗಾರರು, ಸಮಯಪಾಲಕರು. ಅವರು ಚಮಚದಿಂದ ಸ್ಟೀಲ್ ಲೋಟಕ್ಕೆ ಬಡಿದರೆಂದರೆ ಮಾತು ಮುಗಿಸಬೇಕು. ಗೆದ್ದವರು ಹೇಳಿದಂತೆ ಮನೆ ನಡೆಯಬೇಕು. ಹಿಂದಿನ ಬೇಸಿಗೆಯಲ್ಲಿ ಕೂಲರ್ ಕೊಳ್ಳಬೇಕೇ ಬೇಡವೇ ಎಂಬ ವಿಷಯ ಬಂದಾಗ ನಾನು ‘ಬೇಡ’ ಪಕ್ಷ ಹಿಡಿದು, ಬೆವರೇ ಪ್ರಕೃತಿ ಕೊಟ್ಟ ಕೂಲರ್ ಎಂದು ಸಾಧಿಸಿ ಗೆದ್ದೆ. ನಾಗಪುರದ ಮೇ ತಿಂಗಳನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಒದ್ದೆ ಚಾದರ ಹೊದ್ದು ಮಲಗಿದ ಅವ್ವ ಇಡೀ ಬೇಸಿಗೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಪ್ರಕೃತಿ ಕೊಟ್ಟ ಕೂಲರ್ ಚಾಲೂ ಐತೇನವಾ, ವಿಜಿ?”

ಇನ್ನು ಅಕ್ಕ. ಶೈಲಕ್ಕ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಬ್ಯಾಂಕಿನ ತಂಡಕ್ಕೆ ಬಾಸ್ಕೆಟ್‌ಬಾಲ್ ಆಡುತ್ತಾಳೆ. ಅವಳನ್ನು ನೋಡಲು ಮೊದಲು ಬಂದ ವರನ ಕಡೆಯವರಿಗೆ, ಪದ್ಧತಿಯಂತೆ, ಸ್ಟುಡಿಯೋ ಫೋಟೋ ಹೋಗಿತ್ತು. ರೇಷ್ಮೆ ಸೀರೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಹಿಂದಿನ ಪರದೆಯಲ್ಲಿ ವಿದರ್ಭದ ಮಂದಿ ಕನಸಿನಲ್ಲೂ ಕಾಣದ ಹಿಮಪರ್ವತ. ಈ ಮೂರರ ನಡುವೆ ಅಕ್ಕ, ಕಣ್ಣು ಮಿಟುಕಿಸಲೂ ಅಪ್ಪಣೆ ಬೇಕೆನ್ನುವ ಹಾಗೆ ಕುಳಿತಿದ್ದಳು. ಬಂದವರು ಉಪ್ಪಿಟ್ಟು ತಿನ್ನುತ್ತ, ಹುಡುಗಿ ಚಡ್ಡಿ ಹಾಕಿಕೊಂಡು ಚೆಂಡಾಡುತ್ತಾಳೆಂದು ತಿಳಿದು, “ಮದುವ್ಯಾದ ಮ್ಯಾಲೆ ಬಿಡ್ತಾಳಲ್ರೀ?” ಎಂದರು. “ನಿಮ್ಮ ಹುಡುಗ ಏನು ಬಿಡ್ತಾರ್ರೀ?” ಎಂದು ಅಕ್ಕ ಕೇಳಿದಳು. ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು.

ಅವತ್ತೇ ಅಕ್ಕ ಶರತ್ತು ಹಾಕಿದಳು. “ಇನ್ನ ನಂದು ಫೋಟೋ ಹೋದ್ರ ಆಟ ಆಡೋದ ಹೋಗಬೇಕು. ಅದನ್ನ ನೋಡಿ ಹೂಂ ಅಂದವರಷ್ಟ ಮನಿಗೆ ಬರಲಿ. ಅಲ್ಲಿತನಕ ನಾ ಯಾರ ಮುಂದೂ ಕೂಡಂಗಿಲ್ಲ.” ಅವ್ವನಿಗೆ ಎದೆ ಒಡೆಯಿತು, ಏಕೆಂದರೆ ಅಷ್ಟರಲ್ಲೇ ಸೊಲ್ಲಾಪುರದಿಂದ ಗಿರೀಶ ಎಂಬ ಎಂಜಿನಿಯರ್ ಹುಡುಗನ ಮನೆಯವರು ಫೋಟೋ ಕಳಿಸಿರೆಂದು ಹೇಳಿ ಕಳಿಸಿದ್ದರು. ಒಳ್ಳೆಯ ಜನ ಎಂದು ನಾಲ್ಕು ಕಡೆಯಿಂದ ಅವ್ವ ವಿಚಾರಿಸಿ ಇಟ್ಟಿದ್ದಳು. ಇನ್ನು ಉಳಿದಿದ್ದುದು ಆ ವರ್ಷದ ಕೊನೆಯ ಪಂದ್ಯ, ಅದೂ ಒಳಾಂಗಣದಲ್ಲಿ. ಅದು ತಪ್ಪಿದರೆ ಮಳೆಗಾಲ ಕಳೆಯುವವರೆಗೆ ಆಟವಿಲ್ಲ, ಆಟವಿಲ್ಲದೆ ಫೋಟೋ ಇಲ್ಲ, ಫೋಟೋ ಇಲ್ಲದೆ ಸೊಲ್ಲಾಪುರವಿಲ್ಲ. ಅಲ್ಲಿಯವರೆಗೆ ಕಾಯಲು ಸೊಲ್ಲಾಪುರದವರಿಗೇನು ನಮ್ಮ ತಂಡದ ಮೇಲೆ ಭಕ್ತಿಯೇ?

ಕ್ಯಾಮರಾ ಇದ್ದದ್ದು ಅವ್ವನ ತಮ್ಮ ಅನಂತ ಮಾಮಾನ ಹತ್ತಿರ. ಮಾಮಾ ವಾಯುಸೇನೆಯವನು. ಸುತ್ತಮುತ್ತ ಎಲ್ಲೂ ಫೋಟೋ ತೆಗೆಯಬಾರದೆಂದು ಫಲಕ ಹಾಕಿದ ಜಾಗದಲ್ಲಿ ಕೆಲಸ ಮಾಡುವ ಈ ಮನುಷ್ಯ, ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ ಜೂಮ್ ಲೆನ್ಸು ಕೊಂಡಿದ್ದ. ಅದರಿಂದ ಅವನು ಅಂದಿನವರೆಗೆ ತೆಗೆದದ್ದು ಎದುರು ಮಾಳಿಗೆಯ ಮೇಲೆ ಒಣಗಹಾಕಿದ ಹಪ್ಪಳಗಳನ್ನು. ಹಪ್ಪಳಗಳು ಬಹಳ ಚೆನ್ನಾಗಿ ಬಂದಿದ್ದವು, ನಿಜ. ಕ್ಯಾಮರಾದ ಜೊತೆಗೇ ಬಂದ ಇನ್ನೊಂದು ಲೆನ್ಸು ಐವತ್ತು ಮಿಲಿಮೀಟರಿನದು, ಮೋಟುದ್ದ, ನೋಡಲು ಬಡಪಾಯಿ. ಆದರೆ ಅದರ ಕಿಂಡಿ ದೊಡ್ಡದು. ಅದು ಒಳಗೆ ಬಿಡುವಷ್ಟು ಬೆಳಕನ್ನು ಜೂಮ್ ಬಿಡಲಾರದು. ಬೆಳಕು ಕಡಿಮೆಯಾದರೆ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಓಡುವವರು ಓಡಿಹೋಗಿರುತ್ತಾರೆ, ಫೋಟೋದಲ್ಲಿ ಅವರ ಹೊಗೆ ಉಳಿದಿರುತ್ತದೆ. ಫ್ಲ್ಯಾಶ್ ಹಾಕೋಣವೆಂದರೆ ಆಟಗಾರರ ಕಣ್ಣು ಕುಕ್ಕುತ್ತದೆಂದು ರೆಫರಿ ಬಿಡುವುದಿಲ್ಲ. ಪಂದ್ಯದ ಫೋಟೋ ತೆಗೆಯುವ ಹೊಣೆ ನನ್ನದಾದ್ದರಿಂದ ಇಷ್ಟನ್ನೂ ನನಗೆ ಮಾಮಾನೇ ವಿವರಿಸಿದ್ದ. ಅಂದರೆ ನಾನು ತಿಳಿಯದೆ ತಪ್ಪು ಮಾಡಿದೆ ಎಂದು ಯಾರೂ ನನ್ನನ್ನು ಕ್ಷಮಿಸುವ ಹಾಗಿಲ್ಲ.

ತಜ್ಞರ ಅಭಿಪ್ರಾಯ ಇರಲಿ ಎಂದು ಧರಮಪೇಠದ ಒಂದು ಸ್ಟುಡಿಯೋಕ್ಕೂ ಹೋಗಿಬಂದೆ. ಅಲ್ಲಿನ ಮಾಲಕರು ದೊಡ್ಡ ಸಮನ್ವಯವಾದಿ. ಜೂಮ್ ಹಾಕಲೇ ಎಂದೆ. “ಬರೋಬರ್ ಹೈ ಬೇಟಾ, ಜೂಮ್ ಏಕ್ ನಂಬರ್.” ಆದರೆ ಬೆಳಕು ಸಾಲದಲ್ಲ ಎಂದೆ. “ಬರೋಬರ್, ಲೈಟ್ ತೋ ಚಾಹಿಯೇ.” ಹಾಗಾದರೆ ಐವತ್ತರದು? “ವೋ ತೋ ಬೆಸ್ಟ್!” ಗಿರಾಕಿ ಕೊನೆಗೆ ಆಡಿದ ಮಾತೇ ಅವರ ಅಭಿಪ್ರಾಯ. ಹೀಗೆ ಒಪ್ಪಿಕೊಳ್ಳುವವರೊಡನೆ ವಾದಿಸುವುದೆಂದರೆ ದಿಂಬಿಗೆ ಗುದ್ದಿದ ಹಾಗೆ. ಬೇಸರದಿಂದ ಒಂದು ಕಪ್ಪು-ಬಿಳುಪು ರೀಲು ಕೊಂಡು ಮನೆಗೆ ಬಂದೆ.

ರವಿವಾರ, ಊಟಕ್ಕೆ ಬಂದ ಮಾಮಾನ ಎದುರಿಗೇ, ಯಾವ ಲೆನ್ಸು ಎಂಬ ಚರ್ಚೆ ಏರ್ಪಟ್ಟಿತು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನ್ನ ಒಲವು ಐವತ್ತರದರ ಕಡೆಗೇ ಇತ್ತು. ಆದರೆ ಅಕ್ಕ ಮೊದಲೇ ಎದ್ದು ಆ ಪಕ್ಷ ಹಿಡಿದುಬಿಟ್ಟಳು. ಒಂದೇ ಪಕ್ಷದಲ್ಲಿ ಇಬ್ಬರು ಕುಳಿತರೆ ಅದು ಚರ್ಚೆಯಲ್ಲ, ಭಜನೆ. ಅಲ್ಲದೆ ದುರ್ಬಲ ಪಕ್ಷವನ್ನು ಗೆಲ್ಲಿಸುವುದರಲ್ಲಿರುವ ಸುಖ ಬಲ್ಲವರಿಗೇ ಗೊತ್ತು. ನಾನು ಜೂಮ್ ಪರವಾಗಿ ನಿಂತೆ.

ಅಕ್ಕ ಹೇಳಿದ್ದು ಇಷ್ಟೇ: “ಹಾಲ್‌ನ್ಯಾಗ ಬೆಳಕು ಭಾಳ ಕಡಿಮಿ. ಎಷ್ಟೋ ಸಲ ನಮಗ ಚೆಂಡ ಸರಿ ಕಾಣಂಗಿಲ್ಲ. ಐವತ್ತರದ ಹಾಕ್ಕೊಂಡು ಬುಟ್ಟಿ ಕೆಳಗ ಬಂದು ಕೂಡು. ನಾವ ನಿನ್ನ ಹತ್ರ ಓಡಿ ಬರ್ತೀವಿ.”

“ಬುಟ್ಟಿ ಕೆಳಗ?” ಮಾಮಾ ಚಹಾ ಕೆಳಗಿಟ್ಟ. “ಚೆಂಡ ಬಂದು ನನ್ನ ಕ್ಯಾಮರಾಕ್ಕ ಬಡಿದ್ರ? ಗ್ಯಾಲರಿ ಬಿಟ್ಟು ಕೆಳಗ ಇಳಿಯೋದಿದ್ರ ಕ್ಯಾಮರಾನ ಕೊಡಂಗಿಲ್ಲ ನೋಡ್ರಿ.”

ಎದುರಾಳಿಯ ಕಾಲ ಕೆಳಗಿನ ನೆಲವನ್ನು ಸಭಿಕರೊಬ್ಬರು ಹೀಗೆ ತಾವಾಗಿ ಎಳೆದುಕೊಡುವುದು ಅಪರೂಪ. ನಾನು ಎದ್ದೆ. “ಅಧ್ಯಕ್ಷರೇ, ಗ್ಯಾಲರಿಯಿಂದ ಐವತ್ತರ ಲೆನ್ಸಿನಲ್ಲಿ ನೋಡಿದರೆ ಅಕ್ಕ ಇರುವೆ. ಸ್ಪಷ್ಟವಾದ ಇರುವೆ ಎಂದು ನನ್ನ ಎದುರಾಳಿ ಹೇಳಬಹುದು. ಒಪ್ಪುತ್ತೇನೆ. ಆದರೆ ಇರುವೆಯನ್ನು ಯಾವ ಸೊಲ್ಲಾಪುರದವರು ಸೊಸೆ ಮಾಡಿಕೊಳ್ಳುತ್ತಾರೆ?” ಮಾಮಾ ಚಪ್ಪಾಳೆ ತಟ್ಟಿದ. “ಬೆಳಕು ಕಡಿಮೆ ಎನ್ನುತ್ತಾರೆ. ಬೆಳಕು ಮನಸ್ಸಿನ ಮಾತು. ಕಣ್ಣು ಹೊಂದಿಕೊಂಡರೆ ಕಾಣುತ್ತದೆ. ದೂರ ಮಾತ್ರ ಟೇಪು ಹಿಡಿದು ಅಳೆಯಬಹುದಾದ ಸತ್ಯ!”

“ಕಣ್ಣು ಹೊಂದಿಕೋತೈತಿ, ರೀಲ್ ಹೆಂಗ ಹೊಂದಿಕೋತೈತಿ?” ಎಂದಳು ಅಕ್ಕ. ಬಹಳ ಒಳ್ಳೆಯ ಪ್ರಶ್ನೆ. ಅಷ್ಟರಲ್ಲಿ ಅಪ್ಪ ಲೋಟಕ್ಕೆ ಬಡಿದರು.

“ವಿಜಿ ಗೆದ್ದಳು,” ಎಂದರು ಅಪ್ಪ. “ಶೈಲಾಂದು ಪಾಯಿಂಟ್ ಬರೋಬರ್ ಇತ್ತು, ಆದ್ರ ಮಂಡನೆ ಬರೋಬರ್ ಇರಲಿಲ್ಲ.”

ವಿಚಿತ್ರವೆಂದರೆ ಸಂಜೆಯ ಹೊತ್ತಿಗೆ ನನಗೇ ನನ್ನ ವಾದ ನಿಜವೆನಿಸತೊಡಗಿತ್ತು. ಅಷ್ಟು ಚೆನ್ನಾಗಿ ಹೇಳಿದವಳು ಸುಳ್ಳು ಹೇಳಿರಲಿಕ್ಕಿಲ್ಲ ಎಂದು ನನ್ನ ಮೇಲೆ ನನಗೇ ವಿಶ್ವಾಸ ಮೂಡಿತು.

ಪಂದ್ಯದ ದಿನ ಗ್ಯಾಲರಿಯಲ್ಲಿ ಕುಳಿತು ಆ ಫಿರಂಗಿಯನ್ನು ಎತ್ತಿ ಹಿಡಿದೆ. ಸುತ್ತಲಿನವರು ಗೌರವದಿಂದ ಜಾಗ ಬಿಟ್ಟರು. ಯಾರೋ ಒಬ್ಬರು “ಪೇಪರ್‌ವಾಲೀ ದಿಸತೇ”, ಪತ್ರಿಕೆಯವಳಿರಬೇಕು, ಎಂದು ಮರಾಠಿಯಲ್ಲಿ ಪಿಸುಗುಟ್ಟಿದ್ದು ಕೇಳಿ ಬೆನ್ನು ನೆಟ್ಟಗೆ ಮಾಡಿಕೊಂಡೆ. ಉದ್ದ ಲೆನ್ಸಿನ ಮುಖ್ಯ ಉಪಯೋಗ ಇದೇ ಎಂದು ಈಗ ನನಗೆ ಅನಿಸುತ್ತದೆ. ಮೇಲಿನ ದೀಪಗಳು ಉರಿಯುತ್ತಿದ್ದವೋ ಅಥವಾ ತಾವೂ ಟಿಕೆಟ್ ತೆಗೆದು ಆಟ ನೋಡಲು ಬಂದಿದ್ದವೋ ಹೇಳುವುದು ಕಷ್ಟ. ಕ್ಯಾಮರಾದೊಳಗಿನ ಬೆಳಕು ಅಳೆಯುವ ಮುಳ್ಳು ತಳದಲ್ಲಿ ಮಲಗಿಬಿಟ್ಟಿತ್ತು. ಅಕ್ಕ ಓಡಿದಳು, ಹಾರಿದಳು, ಇಬ್ಬರ ನಡುವೆ ನುಗ್ಗಿ ಬುಟ್ಟಿಗೆ ಚೆಂಡು ಹಾಕಿದಳು. ನಾನು ರೀಲು ಮುಗಿಯುವವರೆಗೆ ಒತ್ತಿದೆ. ಬ್ಯಾಂಕು ಗೆದ್ದಿತು. ಆ ದಿನ ಅಕ್ಕ ಆಡಿದಂಥ ಆಟವನ್ನು ಅವಳ ಜೊತೆಗಾರ್ತಿಯರೇ ನೋಡಿರಲಿಲ್ಲವಂತೆ. ಕಣ್ಣಿಗೆ ಕಂಡದ್ದಷ್ಟೇ ಲಾಭ.

ಪ್ರಿಂಟುಗಳು ಬಂದವು. ಊಟದ ಮೇಜಿನ ಮೇಲೆ ಎಲ್ಲರೂ ಸೇರಿ ಹರಡಿಕೊಂಡೆವು. ಒಂದರಲ್ಲಿ ಬಿಳಿ ಮಂಜು, ಮಂಜಿಗೆ ಎರಡು ಬೂಟು. ಇನ್ನೊಂದರಲ್ಲಿ ಕೈ ಮೂರು, ಮುಖವಿಲ್ಲ. “ಇದ್ಯಾರು?” ಎಂದು ಅವ್ವ ಕೇಳಿದರೆ, “ಅಕ್ಕ ಅಲ್ಲಿಂದ ಹೋದಳು ಅನ್ನೋದಕ್ಕ ಪುರಾವೆ,” ಎಂದೆ. ಮಾಮಾ ಪ್ರತಿಯೊಂದನ್ನೂ ತಿರುಗಿಸಿ ನೋಡಿ, “ಹಪ್ಪಳ ಅಲುಗಾಡಂಗಿಲ್ಲ ನೋಡ,” ಎಂದು ನಿಟ್ಟುಸಿರು ಬಿಟ್ಟ. ಅವ್ವನ ಮುಖ ನೋಡಿದಾಗ, ನಾನು ಚರ್ಚೆಯಲ್ಲಿ ಸೋಲಿಸಿದ್ದು ಅಕ್ಕನನ್ನಲ್ಲ ಎಂದು ಒಂದು ಕ್ಷಣ ಅನಿಸಿತು.

ಇಡೀ ರೀಲಿನಲ್ಲಿ ಒಂದೇ ಒಂದು ಚಿತ್ರ ಕೂದಲೆಳೆ ಎಣಿಸುವಷ್ಟು ಸ್ಪಷ್ಟವಾಗಿತ್ತು. ಅದರಲ್ಲಿ ಅಕ್ಕ ರೆಫರಿಯೊಡನೆ ಜಗಳವಾಡುತ್ತಿದ್ದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯ ಬೆರಳು ರೆಫರಿಯ ಮೂಗಿನ ನೇರಕ್ಕೆ, ಕಣ್ಣು ಕೆಂಡ. ರೆಫರಿ ಸೀಟಿ ಕಚ್ಚಿಕೊಂಡು ಹಿಂದಕ್ಕೆ ಬಾಗಿದ್ದರು. ಪಂದ್ಯದ ಉದ್ದಕ್ಕೂ ಅಕ್ಕ ಅಲುಗಾಡದೆ ನಿಂತದ್ದು ಆಗೊಮ್ಮೆಯೇ ಇರಬೇಕು. ನಮ್ಮ ಮನೆತನದವರು ಚಲಿಸುವುದನ್ನು ನಿಲ್ಲಿಸಬೇಕಾದರೆ ವಾದ ಶುರುವಾಗಬೇಕು.

“ಇದನ್ನ ಕಳಿಸಿದ್ರ ಮುಗೀತು,” ಎಂದಳು ಅವ್ವ. “ಹಿಮಾಲಯದ್ದ ಕಳಿಸೂಣು.” ಅಪ್ಪ ಲೋಟ ಹುಡುಕತೊಡಗಿದರು. ಅಕ್ಕ ಕಾಯಲಿಲ್ಲ. ಆ ಫೋಟೋವನ್ನು ಲಕೋಟೆಯೊಳಗೆ ಹಾಕಿ, ಅಂಟು ಬಳಿದು, ಚಪ್ಪಲಿ ಮೆಟ್ಟಿಕೊಂಡು ಹೋಗಿ ಅಂಚೆಪೆಟ್ಟಿಗೆಗೆ ಹಾಕಿ ಬಂದಳು. “ನಾ ಹಿಂಗ ಅದೀನಿ. ನೋಡ್ಲಿ,” ಎಂದಳು. ಚರ್ಚೆಯಿಲ್ಲದೆ ನಮ್ಮ ಮನೆಯಲ್ಲಿ ಒಂದು ತೀರ್ಮಾನ ಆದದ್ದು ಅದೇ ಮೊದಲು. ಅಪ್ಪನಿಗೆ ಎರಡು ದಿನ ಊಟ ರುಚಿಸಲಿಲ್ಲ.

ಸೊಲ್ಲಾಪುರದವರು ಬಂದರು. ಹುಡುಗನ ತಾಯಿ ಚೀಲದಿಂದ ಅದೇ ಫೋಟೋ ಹೊರತೆಗೆದು ಅವ್ವನ ಮುಂದೆ ಹಿಡಿದರು. “ಬಾಕಿ ಹುಡುಗ್ಯಾರ ಫೋಟೋದಾಗ ಎಲ್ಲಾರೂ ದೇವರ ಹಂಗ ಕುಂತಿರ್ತಾರ್ರೀ. ಬಾಯಿ ಎಷ್ಟ ಐತಿ ಅನ್ನೋದು ಮದುವ್ಯಾದ ಮ್ಯಾಲೆ ಗೊತ್ತಾಗತೈತಿ. ನೀವ ಒಬ್ಬರ ನೋಡ್ರಿ, ಮೊದಲ ಕಳಿಸಿದವರು!” ಇದು ಹೊಗಳಿಕೆಯೋ ಏನೋ ತಿಳಿಯದೆ ಅವ್ವ ಇನ್ನಷ್ಟು ಉಪ್ಪಿಟ್ಟು ಬಡಿಸಿದಳು. ಗಿರೀಶ ಅಕ್ಕನನ್ನು ನೇರವಾಗಿ ಕೇಳಿದ: “ಅವತ್ತ ಯಾರದು ಬರೋಬರ್ ಇತ್ತು?”

“ರೆಫರೀದು,” ಎಂದಳು ಅಕ್ಕ. “ನಾನ ಗೆರಿ ತುಳದಿದ್ದೆ.”

“ಮತ್ತ ಜಗಳ?”

“ಕೇಳಿ ನೋಡಾಕೇನ ಹೋಗತೈತಿ?”

ಅವನು ನಕ್ಕುಬಿಟ್ಟ. ಅಕ್ಕನೂ ನಕ್ಕಳು. ಆಟ ಬಿಡುವ ಮಾತನ್ನು ಯಾರೂ ಎತ್ತಲಿಲ್ಲ. ಉಪ್ಪಿಟ್ಟು ಪೂರ್ತಿ ಖಾಲಿಯಾಯಿತು. ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಗಿರೀಶನಿಗೆ ಕ್ಯಾಮರಾದ ಹುಚ್ಚಂತೆ. ತೆಗೆದವಳು ನಾನೆಂದೂ ಉಳಿದವೆಲ್ಲ ಜೂಮಿನಲ್ಲಿ ಮಂಜಾದವೆಂದೂ ತಿಳಿದು, ನನ್ನ ಕಡೆ ತಿರುಗಿ, “ಹಾಲ್‌ನ್ಯಾಗ ಜೂಮ್ ಯಾಕ ಹಾಕಿದ್ರಿ? ನಾನಾಗಿದ್ರ ಐವತ್ತರದ ಹಾಕ್ತಿದ್ದೆ,” ಎಂದ.

‘ತಪ್ಪಾತ್ರೀ’ ಎಂದರೆ ಸಾಕಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದದ್ದೂ ಅದಕ್ಕೇ. ಆದರೆ ಹೊರಗೆ ಬಂದದ್ದು ಬೇರೆ. ಓಟ, ಜಿಗಿತ ಇವೆಲ್ಲ ಕ್ಷಣಿಕ, ಅವನ್ನು ಹಿಡಿಯುವ ಹಂಬಲವೇ ಅಲ್ಪತನ. ಚಂಚಲವಾದದ್ದೆಲ್ಲ ಕರಗಿಹೋಗಿ ಮನುಷ್ಯನ ಸ್ವಭಾವವಷ್ಟೇ ಉಳಿಯಲಿ ಎಂದೇ, ಬೇಕೆಂದೇ, ಬೆಳಕು ಕಡಿಮೆ ಬಿಡುವ ಲೆನ್ಸನ್ನು ನಾನು ಆರಿಸಿಕೊಂಡದ್ದು ಎಂದು ಅಡೆತಡೆಯಿಲ್ಲದೆ ಮಂಡಿಸಿದೆ. ಅಕ್ಕ ಹಣೆ ಚಚ್ಚಿಕೊಂಡಳು. ಗಿರೀಶ ನಿರುತ್ತರನಾದ. ಅಪ್ಪನ ಕಣ್ಣಲ್ಲಿ ನೀರು. ಹುಡುಗನ ತಾಯಿಯಂತೂ ನನ್ನ ಗಲ್ಲ ಹಿಡಿದು, “ತಂಗಿ, ಮದುವಿ ಫೋಟೋ ನೀನ ತೆಗೀಬೇಕು. ಅದ ಲೆನ್ಸಿನಾಗ. ಫ್ಲ್ಯಾಶ್ ಗಿಶ್ ಬ್ಯಾಡವಾ,” ಎಂದರು.

ಆಗುವುದಿಲ್ಲ ಎನ್ನಬೇಕಾದರೆ ಆಗಷ್ಟೇ ನಾನು ಆಡಿದ ಭಾಷಣವನ್ನು ನಾನೇ ಖಂಡಿಸಬೇಕು. ಎಷ್ಟು ಯೋಚಿಸಿದರೂ ಅದರಲ್ಲಿ ಒಂದು ಲೋಪವೂ ಸಿಗುತ್ತಿಲ್ಲ. ಆದ್ದರಿಂದ ಸೊಲ್ಲಾಪುರಕ್ಕೆ ಮದುವೆಗೆ ಬರುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ಫೋಟೋದಲ್ಲಿ ಮುಖ ಕಾಣಬೇಕೆಂಬ ಆಸೆಯಿರುವವರು ದಯವಿಟ್ಟು ಅಕ್ಷತೆ ಎಸೆಯಬೇಡಿ, ಆಶೀರ್ವಾದಕ್ಕೆ ಕೈ ಎತ್ತಬೇಡಿ, ನಗಬೇಡಿ. ಯಾರೊಡನೆಯಾದರೂ ಜಗಳ ತೆಗೆದು ಸೊಂಟದ ಮೇಲೆ ಕೈಯಿಟ್ಟು ಅಲುಗಾಡದೆ ನಿಂತುಕೊಳ್ಳಿ. ಎದುರಾಳಿ ಸಿಗದಿದ್ದರೆ ನನ್ನನ್ನೇ ಕರೆಯಬಹುದು, ಬರುತ್ತೇನೆ. ಆದರೆ ಆಗ ಕ್ಯಾಮರಾ ಯಾರು ಹಿಡಿಯಬೇಕೆಂಬುದನ್ನು ನೀವು ಮೊದಲೇ ಗೊತ್ತು ಮಾಡಿಕೊಂಡಿರಿ. ನಾನು ಮಾತು ಶುರು ಮಾಡಿದ ಮೇಲೆ ಮಾಂಗಲ್ಯಧಾರಣೆಗಾಗಿಯೂ ನಿಲ್ಲಿಸುವವಳಲ್ಲ.