ಘಂತೂತ್ ದಾಟದ ಪಾಠ

ದುಬೈಯ ಒಂದು ವಿಶ್ವವಿದ್ಯಾಲಯದ ಕ್ರೆಡಿಟ್ ವರ್ಗಾವಣೆ ಸಮಿತಿಯ ಅಧ್ಯಕ್ಷರು ಮತ್ತು ಸರ್ವ ಸದಸ್ಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕಚೇರಿಯ ಏಸಿ ಆಗಸ್ಟಿನಲ್ಲೂ ತಂಪಾಗಿರಲಿ, ತಮ್ಮ ಪೋರ್ಟಲ್ ತಾವು ಕೆಲಸ ಮಾಡುವಾಗಲಾದರೂ ತೆರೆದುಕೊಳ್ಳಲಿ ಎಂದು ಹಾರೈಸುತ್ತ, ಇದೇ ದುಬೈಯ ಊದ್ ಮೇಥಾದ ಶಾಲೆಯೊಂದರಲ್ಲಿ ಸಹಾಯಕ ಶಿಕ್ಷಕಿಯಾಗಿರುವ ಖೈರುನ್ನಿಸ ಎಂಬ ನಾನು ಮಾಡುವ ಸಲಾಮುಗಳು. ನನ್ನ ಅರ್ಜಿಯನ್ನು ತಿರಸ್ಕರಿಸಿದ ಇಮೇಲ್‌ನಲ್ಲಿ ತಾವು 'ಡಿಯರ್ ಖೈರುನ್ನಿಸ' ಎಂದು ಬರೆದಿದ್ದೀರಿ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಗಂಡ ಹಾಗೆ ಕರೆದದ್ದಿಲ್ಲ. ಆದ್ದರಿಂದ ಮೊದಲು ಕೃತಜ್ಞತೆ, ಆಮೇಲೆ ದೂರು.

ಮಂಗಳೂರಿನ ಕಾನ್ವೆಂಟಿನಲ್ಲಿ ಇಂಗ್ಲಿಷಿನಲ್ಲೇ ಓದಿದ ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಕಾರಣವಿದೆ. ಇಂಗ್ಲಿಷಿನಲ್ಲಿ ಬರೆದದ್ದಕ್ಕೆಲ್ಲ ಒಂದೇ ಉತ್ತರ ಬಂದುದರಿಂದ, ತಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದದ್ದೇ ನನ್ನ ತಪ್ಪಿರಬಹುದೇ ಎಂಬ ಅನುಮಾನ ಹುಟ್ಟಿತು.

ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ ರೀಮಾ ಮೇಡಂ ಒಳ್ಳೆಯವರು. "ಖೈರುನ್ನಿಸ, ಡಿಗ್ರಿ ತನ್ನಿ, ಕೆಜಿ ಟೂ ಕ್ಲಾಸು ನಿಮ್ಮದು. ಎರಡು ವರ್ಷ ಆ ಜಾಗವನ್ನು ನಾನು ಹೇಗಾದರೂ ತಡೆದು ಹಿಡೀತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ" ಎಂದರು. ನಲವತ್ತು ದಾಟಿದ ಮೇಲೆ ಒಂದು ತರಗತಿ ತನ್ನದಾಗಬೇಕು, ಬಾಗಿಲ ಮೇಲೆ ತನ್ನ ಹೆಸರಿರಬೇಕು ಎಂದು ಆಸೆಪಡುವುದು ಅತಿಯೇನೋ ಎಂದು ನಾನೂ ಕೇಳಿಕೊಂಡಿದ್ದೇನೆ. ಆದರೂ ಲೆಕ್ಕ ಸರಿಯಾಗಿಯೇ ಇತ್ತು. ನಾವು ಅಬುಧಾಬಿಯಲ್ಲಿದ್ದಾಗ, ಗಂಡ ಮುಹಿಯುದ್ದೀನ್ ಅಲ್ ಮೀನಾದ ಬಂದರಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ, ಅಲ್ಲಿನ ಒಂದು ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷದ ಕೋರ್ಸನ್ನು ನಾನು ಪಾಸು ಮಾಡಿದ್ದೆ. ಆ ಕ್ರೆಡಿಟ್‌ಗಳನ್ನು ತಾವು ಒಪ್ಪಿಕೊಂಡರೆ ನಾಲ್ಕು ವರ್ಷದ ಪದವಿಯಲ್ಲಿ ಉಳಿಯುವುದು ಎರಡೇ ವರ್ಷ.

ಗಂಡನಿಗೆ ದುಬೈಗೆ ವರ್ಗವಾದಾಗ ಅವರ ಸರ್ವಿಸು ವರ್ಗವಾಯಿತು, ವೀಸಾ ವರ್ಗವಾಯಿತು, ವಾಷಿಂಗ್ ಮೆಷಿನ್ನು ಕುಲುಕಾಡುತ್ತ ಬಂದರೂ ಬಂದಿತು, ಬಾಲ್ಕನಿಯ ಕುಂಡದಲ್ಲಿದ್ದ ಕರಿಬೇವು ಕೂಡ ದಾರಿಯಲ್ಲಿ ಎಲೆ ಉದುರಿಸಿ, ಇಲ್ಲಿ ಮತ್ತೆ ಚಿಗುರಿ ತನ್ನ ವರ್ಗಾವಣೆಯನ್ನು ದೃಢಪಡಿಸಿತು. ನನ್ನ ಓದು ಮಾತ್ರ ತಮ್ಮ ಬಾಗಿಲಲ್ಲಿ ನಿಂತುಬಿಟ್ಟಿತು. ತಮ್ಮ ನಿರ್ಣಯದ ಪ್ರಕಾರ, ಎಲ್ಲಕ್ಕೂ ಬುನಾದಿಯಾದ 'ಮಗುವಿನ ಬೆಳವಣಿಗೆ' ಎಂಬ ಕೋರ್ಸು ಅಬುಧಾಬಿಯಲ್ಲಿ ಒಂದು ಬಗೆ, ದುಬೈಯಲ್ಲಿ ಇನ್ನೊಂದು ಬಗೆ. ಬುನಾದಿ ಬೇರೆಯಾದ್ದರಿಂದ ಅದರ ಮೇಲಿನ ಉಳಿದ ಕೋರ್ಸುಗಳೂ ಲೆಕ್ಕಕ್ಕಿಲ್ಲ. ಆದ್ದರಿಂದ ಮೊದಲ ವರ್ಷದಿಂದ ಶುರು ಮಾಡತಕ್ಕದ್ದು.

ಎರಡು ನಗರಗಳ ಮಕ್ಕಳು ಬೇರೆ ಬೇರೆಯಾಗಿ ಬೆಳೆಯುತ್ತಾರೆಂಬುದು ನನಗೆ ಹೊಸ ವಿಷಯ. ಅದನ್ನು ಕಲಿಯಲು ನಾನು ತಮ್ಮ ಮೊದಲ ವರ್ಷದ ತರಗತಿಗೆ ಭಕ್ತಿಯಿಂದಲೇ ಹೋಗಿ ಕುಳಿತೆ. ಬಾಗಿಲು ತೆರೆದು ಒಳಗೆ ಬಂದವರು ಸ್ಟೇಸಿ ಟೀಚರ್. ಅಬುಧಾಬಿಯಲ್ಲಿ ಇದೇ ಪಾಠವನ್ನು ನನಗೆ ಕಲಿಸಿದ, ನಮ್ಮ ಮಂಗಳೂರಿನವರೇ ಆದ ಅದೇ ಸ್ಟೇಸಿ ಟೀಚರ್. ಸೋಮವಾರ ಅಲ್ಲಿ, ಮಂಗಳವಾರ ಇಲ್ಲಿ. ಒಂದೇ ಕಾರು, ಒಂದೇ ಲ್ಯಾಪ್‌ಟಾಪು, ಅದೇ ಸ್ಲೈಡುಗಳು, ಮೂಗಿಗೆ ಕಡಲೆಕಾಳು ಹಾಕಿಕೊಂಡ ಹುಡುಗನ ಅದೇ ಕಥೆ. ಆ ಕಥೆಗೆ ನಾನು ಎರಡನೆಯ ಸಲವೂ ನಕ್ಕಿದ್ದೇನೆ. ಅದಕ್ಕಾದರೂ ಅರ್ಧ ಕ್ರೆಡಿಟ್ ಸಿಗಬೇಕಿತ್ತು.

ಸಮಿತಿಗೆ ಈ ಸಂಗತಿ ತಿಳಿದಿರಲಿಕ್ಕಿಲ್ಲ ಎಂದು ನಾನು ಪೆದ್ದಿಯಂತೆ ಭಾವಿಸಿದ್ದೆ. ತರಗತಿ ಮುಗಿದ ಮೇಲೆ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಎಂತ ಮಾಡುದು ಮಾರಾಯ್ರೆ, ನನ್ನನ್ನೇ ಕೇಳಿದ್ರು. ಎರಡೂ ಒಂದೇ ಅಂತ ಬರೆದು ಸೈನು ಹಾಕಿ ಕೊಟ್ಟೆ. ಎರಡೂ ಕಡೆ ಪಾಠ ಮಾಡುವವಳು ನಾನೇ ಅಲ್ವಾ, ಹಾಗಾಗಿ ನನ್ನ ಅಭಿಪ್ರಾಯ ನಿಷ್ಪಕ್ಷಪಾತ ಅಲ್ಲಂತೆ."

ಮಾನ್ಯರೇ, ಇಲ್ಲಿ ನಾನು ತಲೆಬಾಗಿದೆ. ಎರಡನ್ನೂ ಬಲ್ಲವರ ಮಾತು ನಂಬತಕ್ಕದ್ದಲ್ಲ, ಎರಡನ್ನೂ ಅರಿಯದವರೇ ನಿಷ್ಪಕ್ಷಪಾತಿಗಳು ಎಂಬ ತತ್ತ್ವವನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಸಮಿತಿ ಇನ್ನೊಂದಿರಲಾರದು. ಅಬುಧಾಬಿ ಮತ್ತು ದುಬೈಯ ನಡುವೆ, ಹೆದ್ದಾರಿಯಲ್ಲಿ, ಘಂತೂತ್ ಎಂಬ ಊರಿದೆ. ಸ್ಟೇಸಿ ಟೀಚರ ವಿದ್ಯೆ ಬಹುಶಃ ಅಲ್ಲಿಗೆ ಬರುವಾಗ ಕಾರಿನಿಂದ ಇಳಿದು ಹೋಗುತ್ತದೆ, ಮರುದಿನ ವಾಪಸಾಗುವಾಗ ಹತ್ತಿಕೊಳ್ಳುತ್ತದೆ. ಹಾಗಿದ್ದಲ್ಲಿ, ದಯವಿಟ್ಟು ಅಲ್ಲೊಂದು ಕೌಂಟರ್ ತೆರೆಯಿರಿ. ಟೋಕನ್ ತೆಗೆದುಕೊಂಡು ನಾವೇ ನಮ್ಮ ನಮ್ಮ ಪಾಠಗಳನ್ನು ಬಿಡಿಸಿಕೊಂಡು ಬರುತ್ತೇವೆ. ಅದು ಕಷ್ಟವೆಂದಾದರೆ, ಸೋಮವಾರದ ಸ್ಟೇಸಿ ಮತ್ತು ಮಂಗಳವಾರದ ಸ್ಟೇಸಿ ಇಬ್ಬರು ಬೇರೆ ಬೇರೆ ಹೆಂಗಸರೆಂದು ಒಂದು ಸುತ್ತೋಲೆ ಹೊರಡಿಸಿ. ಆಗ ಒಬ್ಬರ ಬಗ್ಗೆ ಇನ್ನೊಬ್ಬರು ನಿಷ್ಪಕ್ಷಪಾತವಾಗಿ ಅಭಿಪ್ರಾಯ ಕೊಡಬಹುದು.

ಮನೆಯಲ್ಲಿ ಇದಕ್ಕೆ ಸಹಾನುಭೂತಿ ಕಡಿಮೆ. "ಖಲಾಸ್, ನಾಲ್ಕು ವರ್ಷ ಅಂದ್ರೆ ನಾಲ್ಕು ವರ್ಷ, ಓದು" ಎನ್ನುತ್ತಾರೆ ಮುಹಿಯುದ್ದೀನ್. "ಮಮ್ಮಿ, ಇಟ್ಸ್ ಫ್ರೀ ರಿವಿಶನ್" ಎನ್ನುತ್ತಾಳೆ ಮಗಳು ನಾಫಿಯಾ. ಇಬ್ಬರ ಮಾತೂ ಸರಿಯಿರಬಹುದು, ಕಲಿತದ್ದನ್ನೇ ಮತ್ತೆ ಕಲಿತರೆ ನಾನು ಸವೆದು ಹೋಗುವುದಿಲ್ಲ. ಆದರೆ ಕೆಜಿ ಟೂ ತರಗತಿ ನಾಲ್ಕು ವರ್ಷ ಕಾಯುವುದಿಲ್ಲ. ನಮ್ಮ ಕೆಜಿ ಒನ್‌ನಲ್ಲಿ ಒಂದು ಮಗು ಹತ್ತರವರೆಗೆ ಎಣಿಸಲು ಕಲಿತರೆ ನಾವು ಕೆಜಿ ಟೂನಲ್ಲಿ ಹನ್ನೊಂದರಿಂದ ಶುರು ಮಾಡುತ್ತೇವೆ. ತಮ್ಮಷ್ಟು ಎಚ್ಚರಿಕೆ ನಮಗಿಲ್ಲ. ನಮ್ಮ ಮಕ್ಕಳು ಮುಂದಿನ ತರಗತಿಗೆ ಹೋಗುವುದು ಅದರಿಂದಲೇ ಇರಬೇಕು.

ತಮ್ಮ ಮರುಪರಿಶೀಲನೆಯನ್ನು ಎದುರು ನೋಡುತ್ತ,

ಎರಡನೆಯ ಸಲ ಮೊದಲ ವರ್ಷದಲ್ಲಿರುವ ತಮ್ಮ ವಿಶ್ವಾಸಿ,
ಖೈರುನ್ನಿಸ

ವಿ.ಸೂ.: ಕಳೆದ ಮಂಗಳವಾರ ಸ್ಟೇಸಿ ಟೀಚರಿಗೆ ಗಂಟಲು ಕಟ್ಟಿತ್ತು. "ನೀವೇ ಮಾಡಿ ಮಾರಾಯ್ರೆ, ನಿಮಗೆ ಎಲ್ಲ ಬರ್ತದೆ" ಎಂದು ಪಿಸುಗುಟ್ಟಿ ಮೈಕನ್ನು ನನ್ನ ಕೈಗಿತ್ತರು. ನಾನು ಬೋರ್ಡಿನ ಮುಂದೆ ನಿಂತು ಇಡೀ ಪಾಠ ಮಾಡಿದೆ. ಕಡಲೆಕಾಳಿನ ಕಥೆಗೆ ತರಗತಿ ಸರಿಯಾದ ಜಾಗದಲ್ಲೇ ನಕ್ಕಿತು. ನಡುವೆ ಹಾಜರಿಗೆಂದು ಬಂದ ತಮ್ಮ ಕಚೇರಿಯವರು ಕುರ್ಚಿಯಲ್ಲಿ ಕುಳಿತವರನ್ನಷ್ಟೇ ಗುರುತು ಹಾಕಿಕೊಂಡು ಹೋದರು, ನನಗೆ ಗೈರುಹಾಜರಿ ಬಿದ್ದಿದೆ. ಹಾಜರಿ ಕಡಿಮೆಯಾದರೆ ಕೋರ್ಸನ್ನು ಮತ್ತೆ ಮಾಡಬೇಕಂತೆ. ಹಾಗಾದಲ್ಲಿ, ಮೂರನೆಯ ಸಲಕ್ಕೆ ಎರಡನೆಯ ಸಲದ ಕ್ರೆಡಿಟ್‌ಗಳನ್ನು ವರ್ಗಾಯಿಸಿಕೊಳ್ಳಲು ಯಾವ ಸಮಿತಿಗೆ ಬರೆಯಬೇಕೆಂದು ಈಗಲೇ ತಿಳಿಸಿದರೆ ಉಪಕಾರವಾಗುತ್ತದೆ.