ಕಮತಗಿಯ ಗುಂಡುಕಲ್ಲು ಗಡಿ ದಾಟಿದ್ದು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಉಪಯೋಗವಿಲ್ಲ ಎಂದು ಹಿರಿಯರು ಹೇಳಿ ಹೋದರು. ಹೋದವರಿಗೇನು! ಬಾಗಲಕೋಟೆಯ ನವನಗರದಲ್ಲಿ ಕೊರಿಯರ್ ಅಂಗಡಿ ಇಟ್ಟುಕೊಂಡಿರುವ ನನಗೆ ಹದಿನಾಲ್ಕು ವರ್ಷದಿಂದ ಅದೇ ಉದ್ಯೋಗ. ಜನ ತಮ್ಮ ಸುಖದುಃಖ ನನ್ನ ಮುಂದೆ ಹೇಳುತ್ತಾರೆ. ನಾನು ಬೆಂಗಳೂರಿನ ಏಜೆಂಟನಿಗೆ ಫೋನಿನಲ್ಲಿ ಹೇಳುತ್ತೇನೆ. ಅವನು ಕಸ್ಟಮ್ಸ್‌ನವರ ಮುಂದೆ ಹೇಳುತ್ತಾನೆ, ಹೇಳಿದ್ದಕ್ಕೆ ದಲಾಲಿ ಹಚ್ಚುತ್ತಾನೆ. ಬಟ್ಟೆಬರೆ, ಕರದಂಟು, ಚಟ್ನಿಪುಡಿ ಹೋದರೆ ತಂಟೆಯಿಲ್ಲ. ಆಟದ ಸಾಮಾನು ಗಡಿ ದಾಟಬೇಕೆಂದರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ. ಆಟ ಅನ್ನುವ ಮಾತು ಕೇಳಿದರೆ ಸಾಕು, ಕಚೇರಿಗಳಿಗೆ ತಾವೂ ಆಡಬೇಕು ಅನಿಸುತ್ತದೋ ಏನೋ.

ತಾಯಿ ಬರೆದ ಬೆಲೆ

ಬಾದಾಮಿಯ ಬಂಡೆ ಹತ್ತಲು ಪ್ರತಿ ಚಳಿಗಾಲ ಪರದೇಶದವರು ಬರುತ್ತಾರೆ. ಹಾಗೆ ಬಂದವನೊಬ್ಬ ಬಂಡೆ ಹತ್ತುವ ಬೂಟನ್ನೇ ಮನೆಯಲ್ಲಿ ಮರೆತು ಬಂದಿದ್ದ. ಅವನ ತಾಯಿ ಅದನ್ನು ಪಾರ್ಸೆಲ್ ಮಾಡಿದಳು. ಕಳೆದುಹೋದೀತೆಂಬ ಭಯಕ್ಕೆ ಹೊಸ ಬೂಟಿನ ಬೆಲೆ ಬರೆದು, ಅದರ ಮೇಲೆ ಇನ್ನಷ್ಟು ಸೇರಿಸಿದಳು. ಇಲ್ಲಿ ಆ ಬೆಲೆಗೆ ಸುಂಕ ಬಿತ್ತು, ಸುಂಕದ ಮೇಲೆ ತೆರಿಗೆ ಬಿತ್ತು, ಎಲ್ಲದರ ಮೇಲೆ ದಲಾಲಿ ಬಿತ್ತು.

ಅವನನ್ನು ಬಾದಾಮಿಯಿಂದ ಕರೆತಂದ ಆಟೋದವನೇ ವಕಾಲತ್ತು ವಹಿಸಿದ. "ಅಕ್ಕಾರ, ಬೂಟು ಹರದು ಹೆಬ್ಬಟ್ಟು ಹೊರಗ ಬಂದೈತಂತರಿ. ಅವ್ವ ಪ್ರೀತಿಗೆ ಜಾಸ್ತಿ ಬರದಾಳ. ಪ್ರೀತಿಗೂ ಸುಂಕ ಐತೇನ್ರಿ?"

ನಾನು ಏಜೆಂಟನಿಗೆ ಫೋನು ಹಚ್ಚಿದೆ. "ಮೇಡಂ, ಬೆಲೆ ಬರೆದದ್ದು ಅವರ ತಾಯಿ. ತಾಯಿ ಸುಳ್ಳು ಬರೆದಿದ್ದಾರೆ ಅಂತ ಮಗ ಒಂದು ಪತ್ರ ಕೊಡಲಿ" ಅಂದ. ಮಗ ಒಪ್ಪಲಿಲ್ಲ. ಅದೊಂದಕ್ಕೆ ಅವನ ಮೇಲೆ ನನಗೆ ಗೌರವ ಬಂತು. ಪೆಟ್ಟಿಗೆ ಬಿಚ್ಚಿ ನೀವೇ ನೋಡಿಕೊಳ್ಳಿ ಎಂದು ಹೇಳಿಸಿದೆ.

ಬಿಚ್ಚಿದರು. ಎರಡೇ ನಿಮಿಷದಲ್ಲಿ ಏಜೆಂಟನ ಫೋನು ಬಂತು. "ಮೇಡಂ, ಹಳೆಯದು ಅಂತ ಎಲ್ಲರೂ ಒಪ್ಪಿದ್ದಾರೆ. ಕಿಟಕಿ ತೆಗೆದು ಕೂತಿದ್ದಾರೆ. ಬೇಗ ಒಯ್ಯಿರಿ ಅಂತಿದ್ದಾರೆ."

ಬ್ಯಾಟಿಗೆ ಹೊಗೆ

ಇಳಕಲ್ಲಿನ ನೇಕಾರರ ಮನೆಯ ಹೆಣ್ಣುಮಗಳೊಬ್ಬಳು ದುಬೈಯಲ್ಲಿರುವ ಅಣ್ಣನಿಗೆ ಕ್ರಿಕೆಟ್ ಬ್ಯಾಟು ಕಳಿಸಲು ಬಂದಳು. ಅತ್ತಿಗೆಗೂ ಒಂದು ಸೀರೆ ಇರಲಿ ಎಂದು ಬ್ಯಾಟಿಗೆ ಇಳಕಲ್ ಸೀರೆ ಸುತ್ತಿದ್ದಳು. ಎರಡು ಸಾಮಾನಿಗೆ ಎರಡು ಖರ್ಚು ಎಂದು ಅವಳಿಗೆ ಯಾರೋ ಹೆದರಿಸಿದ್ದರು. ಹಾಗಾಗಿ ನಾನು ಏಜೆಂಟನೊಂದಿಗೆ ಮಾತಾಡುತ್ತಿರುವಾಗಲೇ ಫೋನಿಗೆ ಬಾಯಿ ಹಾಕಿದಳು.

"ಸಾಹೇಬ್ರ, ನಾ ಕಳಸೂದು ಸೀರಿ ಒಂದರೀ. ಮಡಿಕಿ ಬೀಳಬಾರದಂತ ಕಟಿಗಿಗೆ ಸುತ್ತೇನಿ, ಅಷ್ಟ."

ಏಜೆಂಟನ ದನಿ ತಕ್ಷಣ ಗಂಭೀರವಾಯಿತು. "ಹಾಗಾದರೆ ಬ್ಯಾಟು ಪ್ಯಾಕಿಂಗ್ ಕಟ್ಟಿಗೆ ಆಯಿತು ಮೇಡಂ. ಪ್ಯಾಕಿಂಗ್ ಕಟ್ಟಿಗೆಗೆ ಹುಳ ಇಲ್ಲ ಅಂತ ಹೊಗೆ ಹಾಕಿಸಿ ಸರ್ಟಿಫಿಕೇಟ್ ತರಬೇಕು. ಅದಕ್ಕೆ ಬೇರೆ ಶುಲ್ಕ."

ಆಟದ ಸಾಮಾನು ಎಂದಿದ್ದರೆ ಹೇಗೋ ಹೋಗಿಬಿಡುತ್ತಿದ್ದ ಬ್ಯಾಟು ಈಗ ಹುಳದ ಆರೋಪಿಯಾಯಿತು. ನನಗೆ ತಲೆ ಕೆಟ್ಟಿತು, ಅವಳಿಗೆ ಮಾತ್ರ ಏನೂ ಆಗಲಿಲ್ಲ.

"ಹೊಗಿ ಬೇಕಂತೇನ್ರಿ ಅಕ್ಕಾರ? ನಮ್ಮ ಅತ್ತಿ ಇನ್ನೂ ಕಟಿಗಿ ಒಲಿ ಬಿಟ್ಟಿಲ್ಲ. ಮೂರು ದಿನ ಒಲಿ ಮ್ಯಾಲ ತೂಗ ಹಾಕ್ತೇನಿ. ಸರ್ಟಿಫಿಕೇಟಿಗೆ ಅತ್ತೀನ ಹೆಬ್ಬಟ್ಟು ಒತ್ತತಾಳ."

ಎತ್ತಾಕ, ಇಳಸಾಕ

ಈಗ ಕಲ್ಲಿನ ವಿಷಯ. ಕಮತಗಿಯ ಗರಡಿಮನೆಯ ಉಸ್ತಾದರು ಒಂದು ದಿನ ತಮ್ಮ ಶಿಷ್ಯನನ್ನು ಕರೆದುಕೊಂಡು ಬಂದರು. ಅರವತ್ತೈದು ದಾಟಿದ ಮುದುಕರು, ತಲೆಗೆ ರುಮಾಲು. ಶಿಷ್ಯ ಬೀರಪ್ಪ ದೇವರ ಒಕ್ಕಲಿನ ಪೈಲ್ವಾನ, ಅಮೀನಗಡದ ಅಂಗಡಿಯೊಂದರಲ್ಲಿ ಕರದಂಟಿನ ಪಾಕ ತಿರುವುವ ಕೆಲಸ. ಯುರೋಪಿನ ಒಂದು ಚಳಿ ದೇಶದಲ್ಲಿ ಕಲ್ಲು ಎತ್ತುವ ಸ್ಪರ್ಧೆ, ಇವನಿಗೆ ಕರೆ ಬಂದಿತ್ತು. ಟಿಕೆಟ್ಟು ಅವರದೇ. ಆದರೆ ಪ್ರತಿಯೊಬ್ಬನೂ ತನ್ನೂರಿನ ಕಲ್ಲನ್ನೇ ತಂದು ಎತ್ತಬೇಕು, ಅದರ ಖರ್ಚು ತಂದವನದು. ಕಲ್ಲು ಬರದಿದ್ದರೆ ಪೈಲ್ವಾನನೂ ಇಲ್ಲ. ಗರಡಿಯ ಗುಂಡುಕಲ್ಲು ಒಂದು ಕ್ವಿಂಟಲ್ಲಿಗೆ ಸ್ವಲ್ಪ ಕಡಿಮೆ. ಸುತ್ತ ಹತ್ತು ಹಳ್ಳಿಯಲ್ಲಿ ಅದನ್ನು ಹೆಗಲಿಗೆ ಏರಿಸುವವನು ಇವನೊಬ್ಬನೇ. ಎಂಟು ವರ್ಷ ಅದಕ್ಕಾಗಿ ಬೆವರು ಸುರಿಸಿದ್ದ.

ನಾನು ಫಾರ್ಮು ತೆಗೆದೆ. "ವಸ್ತು ಯಾವುದ್ರಿ ಉಸ್ತಾದ್ರ?"

"ಕಲ್ಲು."

"ಉಪಯೋಗ?"

"ಎತ್ತಾಕ."

"ಎತ್ತಿದ ಮ್ಯಾಲ?"

"ಇಳಸಾಕ."

"ಇಳಿಸಿದ ಮ್ಯಾಲ?"

ಉಸ್ತಾದರು ನನ್ನನ್ನು ಕನಿಕರದಿಂದ ನೋಡಿದರು. "ಮತ್ತ ಎತ್ತಾಕ, ತಂಗಿ."

ಏಜೆಂಟ ಬೆಚ್ಚಿಬಿದ್ದ. "ಬಾದಾಮಿ ಕಡೆಯ ಕಲ್ಲಾ ಮೇಡಂ? ಪುರಾತನ ವಸ್ತು ಅಲ್ಲ ಅಂತ ಕಾಗದ ಇಲ್ಲದೆ ಅದು ಅಲ್ಲಾಡೋದಿಲ್ಲ." ಸರಿ, ಆ ಕಾಗದ ಕೊಡುವ ಕಚೇರಿ ಹುಡುಕಿಕೊಂಡು ಉಸ್ತಾದರ ಜೊತೆ ನಾನೂ ಹೋದೆ. ಅಲ್ಲಿನ ಅಧಿಕಾರಿ ಬಹಳ ಸಂಭಾವಿತ. ಕೆತ್ತಿದ ಕಲ್ಲಾದರೆ ಹಳೆಯದೋ ಹೊಸದೋ ಹೇಳಬಹುದು, ಕೆತ್ತದ ಕಲ್ಲಿಗೆ ನಮ್ಮಲ್ಲಿ ಫಾರ್ಮೇ ಇಲ್ಲ ಎಂದರು. ಆದರೂ ನಮ್ಮ ಮುಖ ನೋಡಿ ಪೆನ್ನು ತೆಗೆದು, "ಎಷ್ಟು ವರ್ಷದ ಕಲ್ಲು ಅಂತ ಬರೀಲಿ?" ಎಂದು ಕೇಳಿದರು.

ಉಸ್ತಾದರಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಭೂಮಿ ಹುಟ್ಟಿದಾಗಿಂದ ಐತ್ರಿ ಸಾಹೇಬ್ರ."

ಅಧಿಕಾರಿ ಪೆನ್ನು ಮುಚ್ಚಿದರು. "ಹಂಗಾದ್ರ ನೂರು ವರ್ಷ ದಾಟಿತಲ್ಲರೀ! ಹೊರಗ ಬಿಡಾಕ ಬರೂದಿಲ್ಲ."

ಹದಿನೈದು ದಿನ ಹೀಗೇ ಅಲೆದೆವು. ಶಿಷ್ಯ ಪಾಕ ತಿರುವುತ್ತ ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದ, ನನಗೆ ಎತ್ತಲು ಮುಖವಿರಲಿಲ್ಲ. ಕಡೆಗೆ ಗ್ರಾನೈಟ್ ವ್ಯಾಪಾರಿಯೊಬ್ಬ ಎಲ್ಲ ಕೇಳಿ ನಕ್ಕು, ತನ್ನ ಬಿಲ್ ಪುಸ್ತಕ ತೆಗೆದು 'ಹೊಸ ಕಲ್ಲು, ಒಂದು' ಎಂದು ಬರೆದು ಹರಿದುಕೊಟ್ಟ. ಏಜೆಂಟ ಅದನ್ನು ನೋಡಿ ಬಹಳ ಸಂತೋಷಪಟ್ಟ. ಭೂಮಿಯ ಓರಗೆಯ ಕಲ್ಲು ಚಹಾ ಕುಡಿಯುವಷ್ಟರಲ್ಲಿ ಹೊಸದಾಗಿ ವಿಮಾನ ಹತ್ತಿತು.

ಬಿಲ್ಲಿನಲ್ಲಿ ತಪ್ಪು

ಸ್ಪರ್ಧೆ ಭಾನುವಾರ. ಶುಕ್ರವಾರ ಮಧ್ಯಾಹ್ನ ಪೈಲ್ವಾನನ ವಿಡಿಯೋ ಕಾಲ್ ಬಂತು. ಉಸ್ತಾದರು ಬೆಳಗಿನಿಂದ ನನ್ನ ಅಂಗಡಿಯಲ್ಲೇ ಕುಳಿತಿದ್ದರು. ಹುಡುಗ ಆ ದೇಶದ ಕಸ್ಟಮ್ಸ್ ಗೋದಾಮಿನಲ್ಲಿ ನಿಂತಿದ್ದ, ಕಣ್ಣಲ್ಲಿ ನೀರು.

"ಉಸ್ತಾದ್ರ, ಕಲ್ಲಿನ ಬುಡ ನೋಡದ ಬಿಡಂಗಿಲ್ಲ ಅಂತಾರ್ರಿ. ಬುಡದಾಗ ಮಣ್ಣಿದ್ರ ತ್ರಾಸ ಅಂತ. ಎತ್ತೂ ಮಷೀನಿನವ ರಜಾ ಹೋಗ್ಯಾನಂತ, ಸೋಮವಾರ ಬರ್ತಾನಂತ. ಕೈಲೆ ಎತ್ತಾಕ ಇಲ್ಲಿ ಯಾರಿಗೂ ಕಾಯ್ದೆ ಇಲ್ಲಂತ್ರಿ."

ಎಂಟು ವರ್ಷದ ಬೆವರು ಒಬ್ಬನ ರಜೆಯಲ್ಲಿ ಹೋಗುವುದೆಂದರೇನು! ಉಸ್ತಾದರು ಮಾತ್ರ ಫೋನನ್ನು ಬಾಯಿಯ ಹತ್ತಿರ ತಂದು ಗದರಿದರು. "ಲೇ, ಅವರಿಗೆ ಬುಡ ನೋಡಬೇಕು. ನಿನಗ ಕಲ್ಲು ಎತ್ತಾಕ ಬರ್ತೈತಿ. ಅಳ್ಕೊಂತ ಯಾಕ ನಿಂತೀದಿ?"

ಅಲ್ಲಿ ಒಂದು ತಾಸು ಚರ್ಚೆಯಾಯಿತು. ಸೊಂಟ ಮುರಿದರೆ ತಾನೇ ಹೊಣೆ ಎಂದು ಹುಡುಗನಿಂದ ನಾಲ್ಕು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅವನು ಫೋನನ್ನು ಒಂದು ಪೆಟ್ಟಿಗೆಗೆ ಆನಿಸಿಟ್ಟು, ಕೋಟು ಬಿಚ್ಚಿ, ಬೀರಪ್ಪನ ಹೆಸರು ಹೇಳಿ ಕಲ್ಲನ್ನು ತಬ್ಬಿದ. ಮೊಳಕಾಲಿಗೆ ಬಂತು, ಎದೆಗೆ ಬಂತು, ಹೆಗಲಿಗೇರಿತು. ಅಧಿಕಾರಿ ಬ್ಯಾಟರಿ ಹಿಡಿದು ಬಗ್ಗಿ ನೋಡಿದ. ಒಂದು ಮಗ್ಗುಲು ಸರಿಯಾಗಿ ಕಾಣಲಿಲ್ಲ ಎಂದ. ಎರಡನೆಯ ಸಲ ಎತ್ತಿದ. ಮೇಲಧಿಕಾರಿ ನೋಡಬೇಕು ಎಂದರು, ಮೂರನೆಯ ಸಲ. ಪಕ್ಕದ ಕೋಣೆಯವರು ನೋಡಿಲ್ಲ ಎಂದರು, ನಾಲ್ಕನೆಯ ಸಲ. ಐದನೆಯ ಸಲಕ್ಕೆ ಎಲ್ಲರ ಕೈಯಲ್ಲೂ ಮೊಬೈಲು. ಒಬ್ಬ ವಿಡಿಯೋ ಒತ್ತಲು ಮರೆತನೆಂದು ಆರನೆಯ ಸಲ. ಇಲ್ಲಿ ನನ್ನ ಅಂಗಡಿಯ ಮುಂದೆ ರಸ್ತೆಯವರೆಗೆ ಜನ ನಿಂತು ಶಿಳ್ಳೆ ಹೊಡೆಯುತ್ತಿದ್ದರು. ಕಲ್ಲು ಅವತ್ತೇ ಬಿಡುಗಡೆಯಾಯಿತು.

ಭಾನುವಾರ ಅವನಿಗೆ ಮೂರನೆಯ ನಂಬರು ಬಂತು. ಶುಕ್ರವಾರ ಗೋದಾಮಿನಲ್ಲಿ ಶಕ್ತಿ ಖರ್ಚಾಗದಿದ್ದರೆ ಮೊದಲನೆಯದೇ ಬರುತ್ತಿತ್ತೆಂದು ನಾನು ಇಂದಿಗೂ ನಂಬಿದ್ದೇನೆ.

ತಿಂಗಳ ನಂತರ ಏಜೆಂಟನ ಮೂಲಕ ಆ ಗೋದಾಮಿನ ಬಿಲ್ಲು ಬಂತು. 'ತಪಾಸಣೆಗಾಗಿ ಭಾರ ಎತ್ತಿ ಇಳಿಸಿದ ಶುಲ್ಕ, ಐದು ಸಲ.' ಅದರ ಮೇಲೆ ಏಜೆಂಟನ ದಲಾಲಿ. ಎತ್ತಿದವನು ನಮ್ಮ ಹುಡುಗ, ಎತ್ತಿದ ಕೂಲಿ ಅವರಿಗೆ! ನನಗೆ ಮೈಯೆಲ್ಲ ಉರಿಯಿತು. ಉಸ್ತಾದರನ್ನು ಕರೆಸಿ, ಒಂದು ಪೈಸೆ ಕಟ್ಟಬೇಡಿ, ಜಗಳ ತೆಗೆಯೋಣ ಎಂದೆ. ಅವರು ಬಿಲ್ಲನ್ನು ಓದಿಸಿ ಕೇಳಿದರು. ಇನ್ನೊಮ್ಮೆ ಓದು ಎಂದರು. ಮುಖ ಕೆಂಪಾಯಿತು.

"ಜಗಳ ತಗೀಲೇಬೇಕು, ತಂಗಿ. ಆ ಏಜೆಂಟಗ ಫೋನ್ ಹಚ್ಚು."

ಹಚ್ಚಿದೆ. ಉಸ್ತಾದರು ನನ್ನ ಕೈಯಿಂದ ಫೋನು ಕಸಿದುಕೊಂಡರು.

"ಏನ್ರಿ, ಇದೆಂಥಾ ಬಿಲ್ಲು? ನಾ ಇಲ್ಲೇ ಕುಂತು ಬಟ್ಟು ಮಡಚಿ ಎಣಿಸೇನಿ. ನಮ್ಮ ಹುಡುಗ ಎತ್ತಿದ್ದು ಆರು ಸಲ, ನೀವು ಐದಂತ ಬರದೀರಿ. ಮೊದಲ ಆರಂತ ತಿದ್ದಿ, ಸಿಕ್ಕಾ ಒತ್ತಿ ಕಳಸ್ರಿ. ರೊಕ್ಕ ಎಷ್ಟರ ಹೆಚ್ಚಾಗ್ಲಿ, ಕೊಡ್ತೇನಿ!"