ವಾಪಸು ಬರುವ ವಿಳಾಸ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ, ಕಬ್ಬಿಣ ಕಡೆಯುವ ಕಂಪ್ಯೂಟರ್ ಲೇಥಿಗೆ ಪ್ರೋಗ್ರಾಂ ಬರೆಯುವುದು ನನ್ನ ವೃತ್ತಿ. ಹದಿನೆಂಟು ವರ್ಷಗಳಿಂದ ಕಬ್ಬಿಣವೇ ನನ್ನ ಮಾತು ಕೇಳುತ್ತಿದೆ. ಅಂಥವನಿಗೆ ಅಂಗೈಯಗಲದ ಕ್ಯಾಲ್ಕುಲೇಟರ್ ಯಾವ ಲೆಕ್ಕ ಅಂದುಕೊಂಡೆ. ಎಲ್ಲಾ ಶುರುವಾಗಿದ್ದು ಅಲ್ಲಿಂದ.

ಪ್ರೋಗ್ರಾಂ ಬರೆದು ಚಿತ್ರವನ್ನೂ ಮೂಡಿಸಬಹುದಾದ ಆ ಕ್ಯಾಲ್ಕುಲೇಟರ್ ನನ್ನ ಹೆಂಡತಿ ಶೈಲಜಾಳದ್ದು. ಅವಳು ವರ್ತೂರಿನ ಒಂದು ಶಾಲೆಯಲ್ಲಿ ಗಣಿತದ ಮೇಡಂ. ಸೋಮವಾರದ ಗಣಿತ ಪ್ರದರ್ಶನಕ್ಕೆಂದು ಅದರ ಪರದೆಯ ಮೇಲೆ ಏಳು ಸಾಲಿನ ಚುಕ್ಕಿ ರಂಗೋಲಿ ಮೂಡುವಂತೆ ಮಾಡಿದ್ದಳು. ಒಂದು ತಿಂಗಳು ಕೂತು, ಒಂದೊಂದೇ ಗುಂಡಿ ಒತ್ತಿ! ಚೆನ್ನಾಗಿಯೇ ಇತ್ತು. ಸ್ವಲ್ಪ ನಿಧಾನ, ಅಷ್ಟೇ.

"ಅಸೆಂಬ್ಲಿ ಅನ್ನೋ ಭಾಷೇಲಿ ಬರೆದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಬಂದ್ಬಿಡುತ್ತೆ ಕಣೇ. ಯಂತ್ರಕ್ಕೆ ಅದರದ್ದೇ ಭಾಷೇಲಿ ಹೇಳೋದು," ಎಂದೆ.

"ಬೇಡ ಕಣ್ರೀ. ನಿಧಾನವಾಗಿ ಬಂದ್ರೇನೇ ಮಕ್ಕಳಿಗೆ ಅರ್ಥ ಆಗೋದು," ಎಂದು ಹೇಳಿ ಭಾನುವಾರದ ನಿದ್ದೆಗೆ ಹೋದಳು.

ನಾನು ಕೂತೆ. ಒಂದು ಸಾಲು ಚುಕ್ಕಿ ಇಡುವ ಕೆಲಸವನ್ನು ಪ್ರತ್ಯೇಕವಾಗಿ ಬರೆದರೆ ಸಾಕು, ಏಳು ಸಲ ಅದನ್ನು ಕರೆಯಬಹುದು. ಕರೆದಾಗ ಯಂತ್ರ ತಾನು ಎಲ್ಲಿಗೆ ವಾಪಸು ಬರಬೇಕೆಂಬ ವಿಳಾಸವನ್ನು ತಟ್ಟೆಗಳ ಹಾಗೆ ಒಂದು ಅಟ್ಟಿಯ ಮೇಲಿಡುತ್ತದೆ. ಕೆಲಸ ಮುಗಿದ ಮೇಲೆ 'ವಾಪಸು' ಎಂದರೆ ಮೇಲಿನ ತಟ್ಟೆ ತೆಗೆದು ನೋಡಿ, ಬಿಟ್ಟ ಜಾಗಕ್ಕೆ ಬರುತ್ತದೆ. ಇದನ್ನು ಲೇಥಿನ ಮುಂದೆ ಎಷ್ಟು ಹುಡುಗರಿಗೆ ಕಲಿಸಿಲ್ಲ ನಾನು!

ಮೊದಲ ಸಲ 'ಕರೆ' ಎಂದು ಬರೆಯುವ ಕಡೆ 'ಹಾರು' ಎಂದು ಬರೆದೆ. ಹಾರಿದವನು ಹಿಂತಿರುಗುವ ವಿಳಾಸ ಇಡುವುದಿಲ್ಲ. ಒಂದು ಸಾಲು ಚುಕ್ಕಿ ಬಿತ್ತು, ಪ್ರೋಗ್ರಾಂ ಕೈ ತೊಳೆದುಕೊಂಡು ಎದ್ದುಹೋಯಿತು.

ಅದನ್ನು ತಿದ್ದಿದೆ. ಆದರೆ ಸಾಲಿಗೆ ಏಳು ಚುಕ್ಕಿ ಎಂಬುದನ್ನು ಯಂತ್ರ ಮರೆಯದಿರಲೆಂದು ಆ ಏಳನ್ನೂ ಅದೇ ಅಟ್ಟಿಯ ಮೇಲಿಟ್ಟೆ. ತೆಗೆಯುವುದನ್ನು ಮರೆತೆ. ಯಂತ್ರ ಪಾಪ, ಮೇಲಿದ್ದ ಏಳನ್ನೇ ವಿಳಾಸವೆಂದು ನಂಬಿ ಎಲ್ಲಿಗೋ ಹೊರಟುಹೋಯಿತು. ಪರದೆ ಬೆಳ್ಳಗಾಯಿತು. ಆಮೇಲೆ ಒಂದು ಸಾಲು ಮೂಡಿತು: ನೆನಪೆಲ್ಲ ಅಳಿಸಿಹೋಗಿದೆ.

ಶೈಲಜಾಳ ಒಂದು ತಿಂಗಳು ಅದರೊಳಗಿತ್ತು.

ಎದ್ದು ಬಂದವಳು ಪರದೆ ನೋಡಿದಳು, ನನ್ನ ಮುಖ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು. "ಇರ್ಲಿ ಬಿಡಿ, ಮಕ್ಕಳ ಕೈಲೇ ಅಂಗಳದಲ್ಲಿ ರಂಗೋಲಿ ಹಾಕಿಸಿ ತೋರಿಸ್ತೀನಿ," ಎಂದಳಷ್ಟೆ.

ಮರುದಿನ ಬೆಳಿಗ್ಗೆ ನನ್ನ ಕೈಗೊಂದು ಚೀಟಿ ಕೊಟ್ಟಳು. ಒಂದು ಕಡೆ ತರಬೇಕಾದ ಬಣ್ಣದ ಪುಡಿಗಳು. ಹಿಂದುಗಡೆ: 'ಹತ್ತು ಗಂಟೆಗೆ ಶಾಲೆಗೆ ತನ್ನಿ.' ನನಗೆ ಮಧ್ಯಾಹ್ನದ ಪಾಳಿ. ಈ ಸಲ ತಪ್ಪಲಾರೆ ಎಂದು ದೇವರ ಮುಂದೆ ಕೈ ಮುಗಿದೇ ಹೊರಟೆ.

ಚೀಟಿಯನ್ನು ಅಂಗಡಿಯವರಿಗೆ ಕೊಟ್ಟೆ. ಪುಡಿ ಕೊಟ್ಟರು, ಚೀಟಿ ಅಲ್ಲೇ ಉಳಿಯಿತು. ದಾರಿಯಲ್ಲಿ ಪಕ್ಕದ ಮನೆಯ ಮುನಿಯಪ್ಪ ಸಿಕ್ಕಿದ. "ಅಣ್ಣೋ, ಬೋರ್‌ವೆಲ್ ಮೋಟ್ರು ಯಾಕೋ ಇಂಗೆ ಕೂಗ್ತದೆ, ಒಸಿ ನೋಡು ಬಾ," ಎಂದ. ಹೋದೆ. ಮೋಟಾರು ರಿಪೇರಿಯಾಗಿ, ಅವರ ಮನೆಯಲ್ಲಿ ಕಾಫಿ ಕುಡಿದ ಮೇಲೆ ಕಾಲು ತಾನಾಗಿಯೇ ನಮ್ಮ ಮನೆಗೆ ಬಂತು. ಕುರ್ಚಿಯಲ್ಲಿ ಕೂತೆ. ತೊಡೆಯ ಮೇಲೆ ಪುಡಿಯ ಪೊಟ್ಟಣಗಳು! ಗಂಟೆ ಹನ್ನೊಂದು.

ಓಡಿದೆ. ಅಂಗಳದಲ್ಲಿ ಮಕ್ಕಳು ಸೀಮೆಸುಣ್ಣದಲ್ಲೇ ಏಳು ಸಾಲೂ ಮುಗಿಸಿದ್ದರು. ಒಬ್ಬೊಬ್ಬರೂ ಒಂದು ಸಾಲಿಟ್ಟು, ಕೈಯಲ್ಲಿದ್ದ ವಾಪಸು ವಿಳಾಸದ ಚೀಟಿ ನೋಡಿಕೊಂಡು ತಮ್ಮ ಜಾಗಕ್ಕೆ ವಾಪಸಾಗಿದ್ದರಂತೆ. ಪೋಷಕರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

"ವಾಪಸು ಬರೋ ವಿಳಾಸ ಕಳೆದುಹೋದ್ರೆ ಏನಾಗುತ್ತೆ ಮೇಡಂ?" ಎಂದು ಒಬ್ಬಳು ಹುಡುಗಿ ಕೇಳಿದಳು.

ಶೈಲಜಾ ಗೇಟಿನಲ್ಲಿ ಪೊಟ್ಟಣ ಹಿಡಿದು ನಿಂತಿದ್ದ ನನ್ನ ಕಡೆ ನೋಡಿ ನಕ್ಕಳು. "ನೋಡಮ್ಮ, ಈಗ ತಾನೇ ಬಂದ್ರು."